ಬಾಗಿಲ ಮೇಲಿನ ಒಂದು ಸಾಲು

ಕಳೆದ ತಿಂಗಳು ದಾಯಾದಿಗಳ ಮನೆಯೊಂದರಲ್ಲಿ ಉಪನಯನವಿತ್ತು. ಊಟ ಮುಗಿದು, ಎಲೆಯಡಿಕೆಯ ತಬಕಿನ ಸುತ್ತ ನಾವು ನಾಲ್ಕಾರು ಮಂದಿ ಹಿರಿಯರು ಕುಳಿತಿದ್ದಾಗ, ಪೇಟೆಯ ಬಸ್ ನಿಲ್ದಾಣಗಳಲ್ಲಿಯೂ ಅಂಗಡಿಗಳ ಕಟ್ಟೆಗಳ ಮೇಲೂ ರಾತ್ರಿ ಕಳೆಯುವ ನಿರ್ಗತಿಕರ ಮಾತು ಬಂತು. ಶಿರಸಿಯಂಥ ಊರಿನಲ್ಲಿ ಅಂಥವರಿಗಾಗಿ ಒಳ್ಳೆಯ ರಾತ್ರಿ ತಂಗುದಾಣ ಇರಬೇಕೆಂದು ನಾನು ಹೇಳಿದೆ. ಯಾರೂ ವಿರೋಧಿಸಲಿಲ್ಲ, ದಾನಧರ್ಮದ ಮಾತಿಗೆ ನಮ್ಮ ಕಡೆ ವಿರೋಧ ಹುಟ್ಟುವುದು ಅಪರೂಪ. ಆದರೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ನನ್ನ ಹತ್ತಿರದ ಸಂಬಂಧಿಯೊಬ್ಬರು ತಲೆಯೆತ್ತದೆಯೇ, "ಕುಡ್ದು ಬಿದ್ದವಕ್ಕೂ ಹಾಸ್ಗೆ ಹಾಸಿಕೊಡವನ ಮಾಸ್ತರೆ?" ಎಂದು ಕೇಳಿದರು. ಎಲ್ಲರೂ ನಕ್ಕರು. ಹೌದು, ಮೊದಲು ಅವರಿಗೇ ಹಾಸಿಕೊಡಬೇಕು ಎಂದೆ. ನಗು ನಿಂತಿತು. ವಾದ ಸಂಜೆಯ ಕಾಫಿಯವರೆಗೂ ನಡೆಯಿತು. ಅಲ್ಲಿ ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಸಂಬಂಧಿಕರೂ ಇದನ್ನು ಓದುತ್ತಾರೆಂದು ಬಲ್ಲೆ. ಬೇಸರಿಸಬಾರದಾಗಿ ವಿನಂತಿ.

ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ಅವರೆದುರು ಮದ್ಯಪಾನದ ದುಷ್ಪರಿಣಾಮಗಳ ಕುರಿತು ಭಾಷಣ ಬಿಗಿದವನು ನಾನೇ. ಪ್ರತಿ ಗಾಂಧಿ ಜಯಂತಿಗೂ ಅದೇ ವಿಷಯದ ಮೇಲೆ ಪ್ರಬಂಧ ಬರೆಸುತ್ತಿದ್ದೆ. ಈ ಎಂಬತ್ತರ ಅಂಚಿನವರೆಗೆ ಒಂದು ಹನಿಯನ್ನೂ ಮುಟ್ಟಿದವನಲ್ಲ. ಮುಟ್ಟಿದವರನ್ನು ಕಂಡರೆ ಒಳಗೊಳಗೇ ಒಂದು ಮೆಟ್ಟಿಲು ಮೇಲೆ ನಿಂತವನಂತೆ ನೋಡುವ ಅಭ್ಯಾಸವೂ ಇತ್ತು. ಆ ಮೆಟ್ಟಿಲಿನಿಂದ ನನ್ನನ್ನು ಕೆಳಗಿಳಿಸಿದವನು ನನ್ನದೇ ತರಗತಿಯ ಒಬ್ಬ ಹುಡುಗ. ಅವನ ಹೆಸರು ಬೇಡ. ಅವನ ಸಹಪಾಠಿಗಳಿಗೆ ಗುರುತು ಸಿಕ್ಕೀತು. ಸಿಕ್ಕರೆ ಅದು ನಿಮ್ಮಲ್ಲಿಯೇ ಇರಲಿ.

ಹಿಂದಿನ ಬೆಂಚಿನ ಹುಡುಗ. ಅಕ್ಷರ ಮುತ್ತಿನಂತೆ. ಒಂದು ವರ್ಷ ಆ ಗಾಂಧಿ ಜಯಂತಿಯ ಪ್ರಬಂಧದಲ್ಲಿ ತನ್ನ ತಂದೆ ಕುಡಿದು ಬಂದ ರಾತ್ರಿ ಮನೆಯಲ್ಲಿ ಏನೇನಾಗುತ್ತದೆಂದು ಅರ್ಧ ಪುಟ ಬರೆದಿದ್ದ. ಪ್ರಬಂಧದಲ್ಲಿ ಸ್ವಂತ ಮನೆಯ ಸಂಗತಿ ಬರಬಾರದೆಂದು ಆ ಅರ್ಧ ಪುಟವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಎಸ್.ಎಸ್.ಎಲ್.ಸಿ. ಮುಗಿಸಲಿಲ್ಲ. ತೋಟದ ಕೆಲಸ, ಲಾರಿಯ ಕ್ಲೀನರ್ ಕೆಲಸ, ಅಡಿಕೆ ಸುಲಿಯುವ ಹಂಗಾಮಿನಲ್ಲಿ ಅಲ್ಲಿ ಇಲ್ಲಿ. ತಂದೆಯ ಚಟ ಮಗನಿಗೂ ಬಂತು. ಕೊಟ್ಟೆ ಸಾರಾಯಿಯ ಕಾಲವದು. 2007ರ ಜುಲೈ ಒಂದರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ನಾವೆಲ್ಲ ಸಂತೋಷಪಟ್ಟೆವು. ನಿಂತದ್ದು ಸಾರಾಯಿ ಮಾತ್ರ. ಮರುವರ್ಷ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರಿನ ಸುತ್ತಮುತ್ತಲೂ ತಮಿಳುನಾಡಿನ ಗಡಿಯಲ್ಲಿಯೂ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ನಮ್ಮ ಹುಡುಗ ಸಾರಾಯಿ ಬಿಟ್ಟು ತೊಂಬತ್ತು ಮಿಲಿಯ ಟೆಟ್ರಾ ಪ್ಯಾಕಿಗೆ ಹೋದ. ಖರ್ಚು ಹೆಚ್ಚಿತು, ಬೇರೇನೂ ಬದಲಾಗಲಿಲ್ಲ.

ನಾನು ನಿವೃತ್ತನಾದ ಮೇಲೆ ಒಂದು ಆಷಾಢದ ರಾತ್ರಿ, ಹೊಡೆತದ ಮಳೆಯಲ್ಲಿ, ಅವನು ನಮ್ಮ ಮನೆಯ ಅಂಗಳಕ್ಕೆ ಬಂದ. ಶಿರಸಿಯಿಂದ ಬರುವ ಕೊನೆಯ ಬಸ್ಸಿನಿಂದ ಇಳಿದವನು ಮುಂದೆ ನಡೆಯಲಾರದೆ ದೀಪ ಕಂಡಲ್ಲಿಗೆ ಬಂದಿದ್ದ. ವಾಸನೆ ಜಗಲಿಯವರೆಗೂ ಬಂತು. "ಕುಡಿದು ಬಂದವನು ನನ್ನ ಜಗಲಿ ಹತ್ತಬೇಡ" ಎಂದೆ. ಹತ್ತಲಿಲ್ಲ. "ತಪ್ಪಾಯ್ತು ಸರ್" ಎಂದು ಕೊಟ್ಟಿಗೆಯ ಕಡೆ ಹೋದ. ನನ್ನ ಪತ್ನಿ ಒಂದು ಮಾತನ್ನೂ ಆಡದೆ ಒಂದು ಪಾತ್ರೆ ಗಂಜಿಯನ್ನೂ ಹಳೆಯ ಕಂಬಳಿಯನ್ನೂ ತೆಗೆದುಕೊಂಡು ಕೊಟ್ಟಿಗೆಗೆ ಹೋದರು. ಮರಳಿ ಬಂದ ಮೇಲೂ ಮಾತನಾಡಲಿಲ್ಲ. ಬೆಳಗ್ಗೆ ಅವನಿರಲಿಲ್ಲ, ಕಂಬಳಿ ಮಡಿಸಿಟ್ಟಿತ್ತು. ಶಾಲೆಯ ದಿನಗಳಲ್ಲಿ ಅವನ ಪುಸ್ತಕಗಳಿಗೆ ಹಾಕಿದ ರಟ್ಟು ಕೂಡ ಹಾಗೆಯೇ ನೇರವಾಗಿರುತ್ತಿತ್ತು.

ಆಮೇಲೆ ಅವನು ಘಟ್ಟದಾಚೆ ಬಯಲುಸೀಮೆಯ ಒಂದು ಪಟ್ಟಣಕ್ಕೆ ಹೋದನೆಂದು ಕೇಳಿದೆ. ಕೆಲವು ವರ್ಷಗಳ ನಂತರ, ಜನವರಿಯ ಒಂದು ಮುಂಜಾನೆ, ಅವನ ತಂಗಿ ನಮ್ಮ ಮನೆಗೆ ಬಂದಳು. ಅಲ್ಲಿಯ ಪೊಲೀಸರಿಂದ ಫೋನು ಬಂದಿತ್ತು. ಜೊತೆಗೆ ಹೋಗಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ನಾನು ಹೋದೆ.

ಆ ಪಟ್ಟಣದಲ್ಲಿ ನಿರಾಶ್ರಿತರ ತಂಗುದಾಣವೊಂದಿತ್ತು. ಪಟ್ಟಣದ ಹೆಸರನ್ನೂ ತಂಗುದಾಣದ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿಯ ಮೇಲ್ವಿಚಾರಕ ಒಳ್ಳೆಯ ಮನುಷ್ಯ, ನಿಯಮ ಅವನದಲ್ಲ. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಬರೆದಿತ್ತು: ಮದ್ಯಪಾನ ಮಾಡಿದವರಿಗೆ ಪ್ರವೇಶವಿಲ್ಲ. ಮೇಲ್ವಿಚಾರಕನು ನಮಗೆ ಚಹಾ ತರಿಸಿಕೊಟ್ಟು, ನಡೆದುದನ್ನು ಏನನ್ನೂ ಮುಚ್ಚಿಡದೆ ಹೇಳಿದ. ನಮ್ಮ ಹುಡುಗ (ಆ ವೇಳೆಗೆ ಅವನು ನಲವತ್ತು ದಾಟಿದವನು, ನನಗೆ ಮಾತ್ರ ಹುಡುಗ) ಚಳಿ ತಡೆಯಲಾರದೆ, ಒಳಗೆ ಜಾಗ ಸಿಗಲೆಂದೇ ಕುಡಿಯುವುದನ್ನು ನಿಲ್ಲಿಸಿ ಬಂದಿದ್ದನಂತೆ. ಮೊದಲ ರಾತ್ರಿ ಮಲಗಿದ. ಎರಡನೆಯ ರಾತ್ರಿ ಕೈಕಾಲು ಅದುರತೊಡಗಿತು, ಮೈಯೆಲ್ಲ ಬೆವರು. ಗೋಡೆಯ ಮೇಲೆ ಏನೋ ಹರಿಯುತ್ತಿದೆಯೆಂದು ಕೂಗಿಕೊಂಡ. ಉಳಿದವರು ಹೆದರಿದರು. ಕದ್ದು ಕುಡಿದಿದ್ದಾನೆಂದು ಎಲ್ಲರೂ ತಿಳಿದರು, ಹೊರಗೆ ಕಳುಹಿಸಿದರು. ಮರುದಿನ ಅವನು ನಡುಕ ನಿಲ್ಲಿಸಿಕೊಳ್ಳಲು ಕುಡಿದ. ರಾತ್ರಿ ಒಂಬತ್ತೂವರೆಗೆ ಮತ್ತೆ ಬಂದ. ಈ ಸಲ ನಿಜವಾಗಿಯೂ ವಾಸನೆಯಿತ್ತು. ಮೇಲ್ವಿಚಾರಕ ಫಲಕದ ಕಡೆ ಬೆರಳು ತೋರಿಸಿದ. ಗಂಟನ್ನಾದರೂ ಒಳಗಿಟ್ಟುಕೊಳ್ಳಿ ಎಂದನಂತೆ, ಅದಕ್ಕೂ ಅವಕಾಶವಿರಲಿಲ್ಲ. ಎದುರಿನ ಅಂಗಡಿಯ ಕಟ್ಟೆಯ ಮೇಲೆ, ಗಂಟನ್ನು ತಲೆಗಿಟ್ಟುಕೊಂಡು ಅಂಗಾತ ಮಲಗಿದ. ನಿದ್ದೆಯಲ್ಲಿ ವಾಂತಿಯಾಗಿ ಉಸಿರು ಕಟ್ಟಿತೆಂದು ವೈದ್ಯರು ಹೇಳಿದರು. ಮಗ್ಗುಲಾಗಿ ಮಲಗಿಸಲು ಒಬ್ಬನಿದ್ದಿದ್ದರೆ ಸಾಕಿತ್ತು.

ಕುಡಿಯದೆ ಬಂದಾಗಲೂ ಹೊರಗೆ, ಕುಡಿದು ಬಂದಾಗಲೂ ಹೊರಗೆ. ಆ ಒಂದು ಸಾಲಿನಿಂದ ಹೀಗಾಯಿತು. ಆ ಸಾಲನ್ನು ನಾನು ಅದಕ್ಕಿಂತ ಮೊದಲೇ ನನ್ನ ಜಗಲಿಯ ಮೇಲೆ ನಿಂತು ಓದಿ ಹೇಳಿದ್ದೆ. ಆದ್ದರಿಂದ ಯಾರ ಮೇಲೂ ಕಲ್ಲೆಸೆಯುವ ಅಧಿಕಾರ ನನಗಿಲ್ಲ. ಆದರೆ ಆ ಸಾಲು ತಪ್ಪು ಎಂದು ಹೇಳುವ ಅಧಿಕಾರ ಖಂಡಿತ ಇದೆ.

ಅಂದಿನಿಂದ ಈ ವಿಷಯವನ್ನು ಓದುತ್ತ ಬಂದಿದ್ದೇನೆ. ವೈದ್ಯರಾಗಿರುವ ನನ್ನ ಇಬ್ಬರು ವಿದ್ಯಾರ್ಥಿಗಳನ್ನು ಪೀಡಿಸಿ ಕೇಳಿದ್ದೇನೆ. ವರ್ಷಗಟ್ಟಲೆ ಪ್ರತಿದಿನ ಕುಡಿದವನು ಥಟ್ಟನೆ ನಿಲ್ಲಿಸಿದರೆ ಆರೆಂಟು ಗಂಟೆಗಳಲ್ಲಿ ನಡುಕ ಆರಂಭವಾಗುತ್ತದೆ. ಮೊದಲ ಎರಡು ದಿನಗಳೊಳಗೆ ಅಪಸ್ಮಾರದಂಥ ಸೆಳೆತ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ಕೆಲವರಲ್ಲಿ ಸನ್ನಿ ಕಾಣಿಸಿಕೊಳ್ಳುತ್ತದೆ: ಇಲ್ಲದ್ದು ಕಾಣುತ್ತದೆ, ಇಲ್ಲದ ಧ್ವನಿ ಕೇಳುತ್ತದೆ, ಜ್ವರ, ಬೆವರು, ಎದೆಬಡಿತ. ಚಿಕಿತ್ಸೆಯಿಲ್ಲದಿದ್ದರೆ ಇದರಲ್ಲಿ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ಸಾಮಾನ್ಯ ಔಷಧಗಳಿಂದಲೇ ಇದನ್ನು ತಡೆಯಬಹುದು. ಅಂದರೆ, "ಬಿಟ್ಟು ಬಾ, ಒಳಗೆ ಸೇರಿಸುತ್ತೇನೆ" ಎಂದು ವೈದ್ಯರ ನೆರವಿಲ್ಲದೆ ಹೇಳುವುದು ನೀತಿಬೋಧೆಯಂತೆ ಕಂಡರೂ ಅಪಾಯಕಾರಿಯಾದ ಆಜ್ಞೆ. 2020ರ ಮಾರ್ಚ್ ಕೊನೆಯಿಂದ ಮೇ ನಾಲ್ಕರವರೆಗೆ ನಮ್ಮ ರಾಜ್ಯದಲ್ಲಿ ಮದ್ಯದಂಗಡಿಗಳು ಮುಚ್ಚಿದ್ದಾಗ ಏನಾಯಿತೆಂಬುದನ್ನು ನೆನಪಿಸಿಕೊಳ್ಳಿ. ಸನ್ನಿ, ಸೆಳೆತಗಳೊಡನೆ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್‌ನ ವೈದ್ಯರು ದಾಖಲಿಸಿದರು. ಆಗ ಊರಿಗೆ ಊರೇ ಬೀಗ ಹಾಕಿಕೊಂಡು ಮಾಡಿದ ಪ್ರಯೋಗವನ್ನು ನಮ್ಮ ತಂಗುದಾಣಗಳು ಪ್ರತಿ ರಾತ್ರಿ ಬಾಗಿಲಲ್ಲಿಯೇ ಮಾಡುತ್ತವೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2010ರ ಜನವರಿಯಲ್ಲಿ, ದೆಹಲಿಯ ಚಳಿಯಲ್ಲಿ ತಾತ್ಕಾಲಿಕ ತಂಗುದಾಣವೊಂದನ್ನು ಕೆಡವಿದ ಬೆನ್ನಿಗೆ, ಆಹಾರದ ಹಕ್ಕಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಧ್ಯೆ ಪ್ರವೇಶಿಸಿತು. ಲಕ್ಷ ಜನಸಂಖ್ಯೆಗೊಂದರಂತೆ, ವರ್ಷದ ಎಲ್ಲ ದಿನ ತೆರೆದಿರುವ ತಂಗುದಾಣಗಳು ದೊಡ್ಡ ನಗರಗಳಲ್ಲಿ ಇರಬೇಕೆಂಬ ತತ್ತ್ವ ಅಲ್ಲಿಂದ ನೆಲೆಗೊಂಡಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗವಿರಬೇಕೆಂದು ಅಳತೆಯನ್ನೂ ಕೊಟ್ಟಿತು. 2016ರಲ್ಲಿ ಅದು ಸಣ್ಣ ಪಟ್ಟಣಗಳಿಗೂ ವಿಸ್ತರಿಸಿತು. 2011ರ ಜನಗಣತಿಯಲ್ಲಿ ಶಿರಸಿ ನಗರದ ಜನಸಂಖ್ಯೆ ಅರವತ್ತೆರಡು ಸಾವಿರ ದಾಟಿತ್ತು. ಮಾರಿಕಾಂಬೆಯ ಜಾತ್ರೆಯ ವರ್ಷಗಳಲ್ಲಿ ಸೇರುವ ಜನರ ಲೆಕ್ಕ ಬೇರೆಯೇ. ಆ ಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರೆಂದು ಎಣಿಸಲ್ಪಟ್ಟವರು ಹದಿನೇಳು ಲಕ್ಷ ಎಪ್ಪತ್ತು ಸಾವಿರದಷ್ಟು. ಒಂದೇ ರಾತ್ರಿ, ಫೆಬ್ರುವರಿ 28ರಂದು, ಬೀದಿಯಲ್ಲಿ ಮಲಗಿದ್ದವರನ್ನು ಎಬ್ಬಿಸಿ ಮಾಡಿದ ಎಣಿಕೆ ಅದು. ಎಣಿಕೆಗೆ ಸಿಗದ ಮೂಲೆಗಳಲ್ಲಿ ಮಲಗುವುದೇ ಇಂಥವರ ವಿದ್ಯೆ ಎಂಬುದನ್ನು ಮರೆಯಬಾರದು.

ಇವೆಲ್ಲಕ್ಕಿಂತ ದೊಡ್ಡದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮದ್ಯ ಹಾಗೂ ಮಾದಕವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನು ಅದು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ನಿರ್ಗತಿಕರಿಗೂ ಮನೆಯಿಲ್ಲದವರಿಗೂ, ಬಡತನದ ಕಾರ್ಡು ಇರಲಿ ಇಲ್ಲದಿರಲಿ, ಉಚಿತ ಚಿಕಿತ್ಸೆಯ ಹಕ್ಕಿದೆಯೆಂದು ಅದರ ಹದಿನೆಂಟನೆಯ ಕಲಮು ಹೇಳುತ್ತದೆ. ಹೀಗಿರುವಾಗ "ಮದ್ಯಪಾನ ಮಾಡಿದವರಿಗೆ ಪ್ರವೇಶವಿಲ್ಲ" ಎಂದು ತಂಗುದಾಣದ ಮೇಲೆ ಬರೆಯುವುದು, "ಕ್ಷಯರೋಗಿಗಳಿಗೆ ಪ್ರವೇಶವಿಲ್ಲ" ಎಂದು ಆಸ್ಪತ್ರೆಯ ಮೇಲೆ ಬರೆದಂತೆ. ಕ್ಷಯ ಅಂಟುತ್ತದೆ, ಕುಡಿತ ಅಂಟುವುದಿಲ್ಲ. ಲೆಕ್ಕಕ್ಕೆ ಹಿಡಿದರೆ ಎರಡನೆಯದೇ ಹೆಚ್ಚು ಅಸಂಬದ್ಧ.

ಸರಿ, ಒಳಗೆ ಬಿಡಬೇಕೆಂದರೆ ಕಟ್ಟಡ ಹೇಗಿರಬೇಕು? ಇಲ್ಲಿಯೇ ಹೆಚ್ಚಿನ ವಾದಗಳು ಸೋಲುತ್ತವೆ. ಬಾಗಿಲು ತೆರೆಯಿರಿ ಎಂದು ಹೇಳಿ ಉಪನ್ಯಾಸಕರು ಮನೆಗೆ ಹೋಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಮೇಲ್ವಿಚಾರಕ ಐವತ್ತು ಜನರ ನಡುವೆ ನಿಂತಿರುತ್ತಾನೆ. ನಾನು ಎಂಜಿನಿಯರನಲ್ಲ. ಕಟ್ಟಡ ಕಟ್ಟಿಸುವ ವೃತ್ತಿಯಲ್ಲಿರುವ ಒಬ್ಬ ಶಿಷ್ಯನೊಡನೆ ಮೂರು ಭಾನುವಾರ ಕುಳಿತು, ರೇಖಾಗಣಿತದ ಹಾಳೆಯ ಮೇಲೆ ಒಂದು ನಕ್ಷೆ ಮಾಡಿದ್ದೇವೆ.

ಮೊದಲನೆಯದಾಗಿ ಅದು ಚಿಕ್ಕದಾಗಿರಬೇಕು. ಇಪ್ಪತ್ತು ಹಾಸಿಗೆ ಸಾಕು. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿರಬೇಕು. ಊರ ಹೊರಗೆ ಸ್ಮಶಾನದ ಪಕ್ಕ ಕಟ್ಟಿದರೆ ತೂರಾಡುವವನು ಅಲ್ಲಿಗೆ ತಲುಪುವುದೇ ಇಲ್ಲ, ಮತ್ತು ಹಾಗೆ ಕಟ್ಟುವುದು ಅದಕ್ಕಾಗಿಯೇ ಎಂಬ ಅನುಮಾನ ನನಗಿದೆ. ಬಾಗಿಲಿಗೆ ಸಮಯದ ಮಿತಿ ಬೇಡ. ಒಂಬತ್ತಕ್ಕೆ ಬಾಗಿಲು ಹಾಕುವ ತಂಗುದಾಣ, ಮದ್ಯದಂಗಡಿ ಮುಚ್ಚುವ ಮೊದಲೇ ಮಲಗುವವರಿಗಾಗಿ ಕಟ್ಟಿದ್ದು.

ಬಾಗಿಲಲ್ಲಿ ಬಾಯಿ ಮೂಸುವುದರ ಬದಲು ನಾಲ್ಕು ಪ್ರಶ್ನೆ ಕೇಳಬೇಕು. ಏನು ಕುಡಿದೆ ಅಥವಾ ಏನು ತೆಗೆದುಕೊಂಡೆ? ಕೊನೆಯ ಸಲ ಯಾವಾಗ? ಬಿದ್ದು ತಲೆಗೆ ಪೆಟ್ಟಾಗಿದೆಯೇ? ಹಿಂದೆ ಎಂದಾದರೂ ಸೆಳೆತ ಬಂದಿತ್ತೇ? ಇವುಗಳಲ್ಲಿ ಎರಡನೆಯದು ಮುಖ್ಯ. ವಾಸನೆಯಿಲ್ಲದೆ ನಡುಗುತ್ತ, ಬೆವರುತ್ತ ಬಂದವನೇ ಹೆಚ್ಚು ಅಪಾಯದಲ್ಲಿರುವವನು. ಅವನನ್ನು ಮಲಗಿಸಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. 108ರ ವಾಹನ ಇರುವುದು ಅದಕ್ಕೇ. ಈ ಒಂದು ಪಾಠ ಆ ಮೇಲ್ವಿಚಾರಕನಿಗೆ ಯಾರಾದರೂ ಹೇಳಿಕೊಟ್ಟಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಇನ್ನು ಬಾಟಲಿಯ ವಿಚಾರ. ಇದನ್ನು ಹೇಳಿದಾಗ ಉಪನಯನದ ಮನೆಯಲ್ಲಿ ಇಬ್ಬರು ಎದ್ದೇ ಹೋದರು. ಬಾಟಲಿಯನ್ನು ಬಾಗಿಲಲ್ಲಿ ಪಡೆದು, ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿಟ್ಟು, ಬೆಳಗ್ಗೆ ಹಿಂದಿರುಗಿಸಬೇಕು. ಒಳಗೆ ಕುಡಿಯುವಂತಿಲ್ಲ, ನಿಜ. ಆದರೆ ಕಿತ್ತುಕೊಂಡು ಚೆಲ್ಲಿದರೆ ಏನಾಗುತ್ತದೆ? ನಾಳೆಯಿಂದ ಅವನು ಮೆಟ್ಟಿಲಿನ ಕೆಳಗೇ ಉಳಿದದ್ದನ್ನೆಲ್ಲ ಒಂದೇ ಗುಟುಕಿಗೆ ಸುರಿದುಕೊಂಡು ಒಳಗೆ ಬರುತ್ತಾನೆ, ಇಲ್ಲವೇ ಬಾಟಲಿಯೊಡನೆ ಕಟ್ಟೆಗೆ ಹೋಗುತ್ತಾನೆ. ಬೆಳಗ್ಗೆ ನಡುಕ ತಡೆಯಲು ಅವನು ಉಳಿಸಿಕೊಂಡಿರುವ ಆ ಎರಡು ಗುಟುಕು, ಅಸಹ್ಯವೆನಿಸಿದರೂ, ಆಸ್ಪತ್ರೆ ಸಿಗುವವರೆಗೆ ಅವನ ಔಷಧವೇ ಆಗಿದೆ. ಗಂಟಿಗೂ ಹೀಗೆಯೇ ಒಂದು ಬೀಗದ ಗೂಡು ಬೇಕು. ಗಂಟು ಕಳವಾದೀತೆಂಬ ಭಯದಿಂದ ತಂಗುದಾಣಕ್ಕೆ ಬಾರದವರಿದ್ದಾರೆ. ಆ ಗಂಟಿನಲ್ಲಿ ನಮಗೆ ಕಾಣುವುದು ಚಿಂದಿ, ಅವರಿಗೆ ಅದೇ ಮನೆ.

ಅಮಲಿನಲ್ಲಿ ಬಂದವರಿಗೆ ಬಾಗಿಲ ಪಕ್ಕದಲ್ಲಿಯೇ, ಮೇಲ್ವಿಚಾರಕನ ಮೇಜಿನಿಂದ ಕಾಣುವ ಒಂದು ಕೋಣೆ. ಮಂಚ ಬೇಡ, ನೆಲದ ಮೇಲೆ ದಪ್ಪ ತೊಳೆಯುವ ಹಾಸು. ಬೀಳುವ ಪ್ರಶ್ನೆಯೇ ಬಾರದು. ಎಲ್ಲರನ್ನೂ ಮಗ್ಗುಲಾಗಿ ಮಲಗಿಸಿ ಬೆನ್ನಿಗೊಂದು ದಿಂಬು ಕೊಡಬೇಕು. ಅರ್ಧ ಗಂಟೆಗೊಮ್ಮೆ ನೋಡಬೇಕು, ಗೊರಕೆ ಹೊಡೆಯುತ್ತಿದ್ದಾನೆಂದು ಬಿಡಬಾರದು. ಕರೆದರೆ, ಅಲುಗಿಸಿದರೆ ಏಳದವನು ನಿದ್ದೆಯಲ್ಲಿಲ್ಲ. ದೀಪ ಮಂದವಾಗಿರಲಿ, ಪೂರ್ತಿ ಆರಬಾರದು. ಕತ್ತಲೆಯಲ್ಲಿ ಸನ್ನಿ ಹೆಚ್ಚುತ್ತದೆ. ನುಣುಪಾದ ಟೈಲ್ಸ್ ಖಂಡಿತ ಬೇಡ. ನೆಲಕ್ಕೆ ಸ್ವಲ್ಪ ಇಳಿಜಾರು, ಒಂದು ಮೋರಿ, ತೊಳೆಯಲು ಕೊಳಾಯಿ. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕವನ್ನು ಹೊರಗಿನಿಂದಲೂ ಬಿಡಿಸುವಂತಿರಬೇಕು. ಒಳಗೆ ಕುಸಿದು ಬಿದ್ದವನ ಮೈಯೇ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲು ತೆರೆಯದು. ಇದು ನನ್ನ ಶಿಷ್ಯ ಹೇಳಿದ್ದು. ನನಗೆ ಹೊಳೆದಿರಲಿಲ್ಲ.

ನಮ್ಮ ಮಳೆಯ ಸೀಮೆಗೆ ತಕ್ಕಂತೆ ಎರಡು ಸೇರಿಸಿದ್ದೇನೆ. ಬಾಗಿಲ ಮುಂದೆ ವಿಶಾಲವಾದ ಜಗಲಿ, ಒದ್ದೆ ಬಟ್ಟೆ ಹರವಲು ಗಳು. ಹಿತ್ತಲಲ್ಲಿ ಬಚ್ಚಲು, ಅದರಲ್ಲೊಂದು ಹಂಡೆ ಬಿಸಿನೀರು. ಮೂರು ವಾರ ಸ್ನಾನ ಕಾಣದವನಿಗೆ ಉಪದೇಶಕ್ಕಿಂತ ಬಿಸಿನೀರು ದೊಡ್ಡದು. ರಾತ್ರಿಗೆ ಗಂಜಿ, ಉಪ್ಪಿನಕಾಯಿ. ಕುಡಿಯುವವರು ಉಣ್ಣುವುದಿಲ್ಲ, ಅದರಿಂದ ಬಿ-1 ಜೀವಸತ್ವ ಬತ್ತಿ ನೆನಪೇ ಶಾಶ್ವತವಾಗಿ ಕೆಡುವುದುಂಟು, ಅದಕ್ಕೆ ವೈದ್ಯರ ಚಿಕಿತ್ಸೆಯೂ ಬೇಕು.

ಹೆಂಗಸರಿಗೆ ಬೇರೆ ಕಟ್ಟಡ. ಪರದೆ ಕಟ್ಟಿ ಮೂಲೆ ಕೊಡುವುದಲ್ಲ. ವ್ಯಸನಕ್ಕೆ ಸಿಕ್ಕ ಹೆಂಗಸರೂ ಇದ್ದಾರೆ, ಅವರು ಹೆಚ್ಚು ಅಡಗಿರುತ್ತಾರೆ ಅಷ್ಟೇ. ಸೊಲ್ಯೂಷನ್ ಮೂಸುವ ಮಕ್ಕಳನ್ನು ಇಲ್ಲಿ ಸೇರಿಸಲೇಬಾರದು. ಅವರ ದಾರಿ ಬೇರೆ, ಅವರ ಕಾನೂನೂ ಬೇರೆ.

ಮತ್ತು ಬೀಗ. ಹೊರಗಿನಿಂದ ಚಿಲಕ, ಸರಪಳಿ, ಕಿಟಕಿಗೆ ಜೈಲಿನ ಸರಳು ಇವು ಯಾವುವೂ ಬೇಡ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ 28 ಮನೋರೋಗಿಗಳು ಅಲ್ಲಿಯೇ ಸುಟ್ಟುಹೋದರು. 2010ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದೆವು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬೀದಿಯಿಂದ ಹಿಡಿದು ತಂದವರನ್ನು ಇಡುವ ಸ್ಥಳ ಅದು. ಹಿಡಿದು ತರುವ ಜಾಗ ಬೇರೆ, ತಾನಾಗಿ ಬರುವ ಜಾಗ ಬೇರೆ. ನಾನು ಕೇಳುತ್ತಿರುವುದು ಎರಡನೆಯದನ್ನು.

ಈಗ ಆಕ್ಷೇಪಗಳಿಗೆ ಬರೋಣ. "ಹೀಗೆ ಮಾಡಿದರೆ ಕುಡಿತಕ್ಕೆ ಪ್ರೋತ್ಸಾಹ ಕೊಟ್ಟಂತಾಗುತ್ತದೆ." ಚಾಪೆ ಸಿಗುತ್ತದೆಂದು ಯಾವನಾದರೂ ಕುಡಿಯಲು ಕಲಿತದ್ದನ್ನು ನೀವು ಕಂಡಿದ್ದೀರಾ? ಅಮೆರಿಕದ ಸಿಯಾಟಲ್ ನಗರದಲ್ಲಿ 2005ರ ಕೊನೆಗೆ, ಬೀದಿಯಲ್ಲಿದ್ದ ಕಡುವ್ಯಸನಿಗಳಿಗಾಗಿ 75 ಕೋಣೆಗಳ ವಸತಿಯೊಂದನ್ನು ತೆರೆದರು. ಕುಡಿತ ಬಿಡಬೇಕೆಂಬ ಷರತ್ತೇ ಇರಲಿಲ್ಲ. ಊರಲ್ಲಿ ದೊಡ್ಡ ಗಲಾಟೆಯಾಯಿತು. 2009ರಲ್ಲಿ ಅಲ್ಲಿಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು: ಆಸ್ಪತ್ರೆ, ಜೈಲುಗಳಿಗಾಗಿ ಸಮಾಜ ಅವರ ಮೇಲೆ ಮಾಡುತ್ತಿದ್ದ ವೆಚ್ಚ, ಇನ್ನೂ ಕೋಣೆ ಸಿಗದೆ ಕಾಯುತ್ತಿದ್ದವರಿಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆಯಾಗಿತ್ತು, ಕುಡಿತ ಏರಲಿಲ್ಲ, ಇಳಿಯಿತು. ಕೆನಡಾದ ಒಟ್ಟಾವದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಂಗುದಾಣದಲ್ಲಿಯೇ ಗಂಟೆಗೊಂದು ಲೋಟದಂತೆ ಅಳೆದು ವೈನ್ ಕೊಟ್ಟು 17 ಜನರನ್ನು ಗಮನಿಸಿದರು. 2006ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಪೊಲೀಸರ ಕೈಗೆ ಬೀಳುವುದು ಅರ್ಧಕ್ಕಿಳಿದಿತ್ತು. ನಮ್ಮೂರಿನಲ್ಲಿ ಲೋಟ ಹಂಚಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಜೀವ ಅದಕ್ಕೆ ಒಪ್ಪದು. ಹಳೆಯ ಮರ, ಅಷ್ಟು ಬಾಗುವುದಿಲ್ಲ. ಆದರೆ ಅವರ ಅನುಭವದಿಂದ ಒಂದು ಮಾತು ಸ್ಪಷ್ಟ: ಒಳಗೆ ಬಿಟ್ಟಿದ್ದರಿಂದ ಕುಡಿತ ಬೆಳೆಯಲಿಲ್ಲ.

"ಮೊದಲು ಬಿಡಿಸಿ, ಆಮೇಲೆ ಮಲಗಿಸಿ" ಎನ್ನುವವರಿದ್ದಾರೆ. ನಮ್ಮ ಜಿಲ್ಲೆಯಲ್ಲಿಯೂ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಅಲ್ಲಿಂದ ಬದಲಾಗಿ ಬಂದವರನ್ನು ಕಣ್ಣಾರೆ ಕಂಡಿದ್ದೇನೆ, ಆ ಕಾರ್ಯಕ್ಕೆ ನಮಸ್ಕಾರ. ಆದರೆ ಎಂಟು ದಿನಗಳ ಶಿಬಿರ ಮುಗಿದ ಸಂಜೆ ಹೆಂಡತಿ ಮಕ್ಕಳು ಬಂದು ಕೈಹಿಡಿದು ಕರೆದುಕೊಂಡು ಹೋಗುವವನ ಮಾತು ಬೇರೆ. ಒಂಬತ್ತನೆಯ ರಾತ್ರಿ ಬಸ್ ನಿಲ್ದಾಣಕ್ಕೇ ಮರಳಬೇಕಾದವನು ಏನು ಮಾಡಬೇಕು? ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ ಮದ್ದು ತಂದರೂ ಅದನ್ನು ಇಟ್ಟುಕೊಳ್ಳಲು ಒಂದು ಗೂಡು ಬೇಡವೇ? 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಾವಲಂಬಿಗಳಲ್ಲಿ 38 ಜನರಿಗೊಬ್ಬರಿಗೆ ಮಾತ್ರ ಯಾವುದೋ ಒಂದು ನೆರವು ದೊರೆತಿದೆ. ಮನೆ ಮಠ ಇರುವವರೂ ಸೇರಿದ ಲೆಕ್ಕವಿದು. ಉಳಿದ ಮೂವತ್ತೇಳು ಜನರಲ್ಲಿ ಮನೆಯಿಲ್ಲದವರನ್ನು ವೈದ್ಯರು ಕಾಣುವುದಾದರೆ ಎಲ್ಲಿ ಕಾಣಬೇಕು? ಪ್ರತಿ ರಾತ್ರಿ ಒಂದೇ ಜಾಗಕ್ಕೆ ಬರುವವನನ್ನು ಮಾತ್ರ ಹತ್ತನೆಯ ರಾತ್ರಿಯಾದರೂ ಮಾತನಾಡಿಸಬಹುದು.

"ನಮ್ಮ ತೆರಿಗೆಯ ಹಣ ಕುಡುಕರಿಗೇಕೆ?" ಈ ಪ್ರಶ್ನೆಗೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. 2023-24ರಲ್ಲಿ ಕರ್ನಾಟಕ ಸರಕಾರದ ಬೊಕ್ಕಸಕ್ಕೆ ಅಬಕಾರಿಯಿಂದ ಬಂದದ್ದು 34 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಸರಕಾರದ್ದೇ ಸಂಸ್ಥೆಯಾದ ಎಂ.ಎಸ್.ಐ.ಎಲ್. ಮದ್ಯದ ಮಳಿಗೆಗಳನ್ನು ನಡೆಸುತ್ತದೆ. ಆ ಹಣದಲ್ಲಿ ರಸ್ತೆಯಾಗುತ್ತದೆ, ಶಾಲೆಯಾಗುತ್ತದೆ, ನನ್ನ ಪಿಂಚಣಿಯೂ ಆಗುತ್ತದೆ. ನನ್ನ ವಿದ್ಯಾರ್ಥಿ ಇಪ್ಪತ್ತೈದು ವರ್ಷ ತನ್ನ ದಿನಗೂಲಿಯ ಅರ್ಧವನ್ನು ಆ ಬೊಕ್ಕಸಕ್ಕೆ ಕಟ್ಟಿದ. ಆ ಕಟ್ಟೆಯ ಮೇಲೆ ಅವನು ಸಾಯುವಾಗ ಅವನು ನಮಗೆ ಸಾಲಗಾರನಾಗಿರಲಿಲ್ಲ. ನಾವು ಅವನಿಗೆ ಆಗಿದ್ದೆವು. ಇದಲ್ಲದೆ, ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಭಿಕ್ಷುಕರ ಉಪಕರವೆಂದು ನೂರಕ್ಕೆ ಮೂರರಂತೆ ವಸೂಲು ಮಾಡುತ್ತವೆ. ನಿಮ್ಮ ಮನೆಯ ರಸೀದಿಯನ್ನು ತೆಗೆದು ನೋಡಿ.

ನೆರೆಹೊರೆಯವರ ಆಕ್ಷೇಪವನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ. ಕೂಗಾಟ, ಜಗಳ, ಹೆಣ್ಣುಮಕ್ಕಳು ಓಡಾಡುವ ದಾರಿ, ಇವು ನಿಜವಾದ ಆತಂಕಗಳು. ರಾತ್ರಿಗೆ ಕನಿಷ್ಠ ಇಬ್ಬರು, ಸರಿಯಾದ ಸಂಬಳದ, ತರಬೇತಿ ಪಡೆದ ಸಿಬ್ಬಂದಿ ಇರಲೇಬೇಕು. ಹೊಡೆದಾಟಕ್ಕಿಳಿದವನನ್ನು ಆ ರಾತ್ರಿಗೆ ಹೊರಗಿಡುವ ಅಧಿಕಾರವೂ ಅವರಿಗಿರಬೇಕು. ನಡತೆಗಾಗಿ ಹೊರಗಿಡುವುದು ಬೇರೆ, ವಾಸನೆಗಾಗಿ ಹೊರಗಿಡುವುದು ಬೇರೆ. ಹಾಗೆ ಹೊರಗಿಟ್ಟವನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆಸ್ಪತ್ರೆಯ ತುರ್ತು ವಿಭಾಗ ಎಂದು ಶಿಷ್ಯರಲ್ಲಿ ಒಬ್ಬನು ಹೇಳುತ್ತಾನೆ. ಆ ವಿಭಾಗದಲ್ಲಿಯೇ ಕೆಲಸ ಮಾಡುವ ಇನ್ನೊಬ್ಬಳು ಅದನ್ನು ಕೇಳಿ ನಕ್ಕಳು.

ಈ ನಕ್ಷೆಯನ್ನೂ ಎರಡು ಪುಟದ ಅರ್ಜಿಯನ್ನೂ ಮುಂದಿನ ವಾರ ಸಂಬಂಧಪಟ್ಟವರಿಗೆ ಕೊಡಲಿದ್ದೇನೆ. ಅದಕ್ಕೆ ಮೊದಲು ನಿಮ್ಮ ನೆರವು ಬೇಕು. ವೈದ್ಯರಾಗಿರುವವರು ಬಾಗಿಲಿನ ಆ ನಾಲ್ಕು ಪ್ರಶ್ನೆಗಳನ್ನು ತಿದ್ದಿಕೊಡಿ. ಕಟ್ಟಡದ ಕೆಲಸ ಬಲ್ಲವರು, ನಮ್ಮ ಮಳೆಗೆ ಬಚ್ಚಲ ನೀರು ಮಲಗುವ ಕೋಣೆಯ ಕಡೆ ಹರಿಯದಂತೆ ಇಳಿಜಾರು ಯಾವ ದಿಕ್ಕಿಗಿರಬೇಕೆಂದು ಹೇಳಿ; ನಕ್ಷೆಯಲ್ಲಿ ಅದೊಂದನ್ನು ಖಾಲಿ ಬಿಟ್ಟಿದ್ದೇವೆ. ಅರ್ಜಿಗೆ ಸಹಿ ಹಾಕಲು ಒಪ್ಪುವವರು ಹೆಸರು, ಓದಿದ ವರ್ಷ ಬರೆದು ತಿಳಿಸಿ. ಮೊದಲ ಸಹಿ ಅವನ ತಂಗಿಯದು, ಎರಡನೆಯದು ನನ್ನ ಪತ್ನಿಯದು. ಮೂರನೆಯದು ನನ್ನದು.